ತಜ್ಞರ ಉತ್ತರ: ಮಗ್ ಕೆಡಿಸಿದ್ದು ಯಂತ್ರವಲ್ಲ, ಜುಲೈ ತಿಂಗಳು

ಓದುಗರ ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರ ನಮ್ಮ ಮನೆ, ನಾಲ್ಕು ಎಕರೆ ಕಾಫಿ ತೋಟ. ಕೈಯಲ್ಲಿ ಒಂದೂವರೆ ಲಕ್ಷ ರೂಪಾಯಿ ಉಳಿತಾಯವಿದೆ. ಫೋಟೊ ಮಗ್, ಕೀ ಚೈನ್, ಮನೆಹೆಸರಿನ ಮರದ ಫಲಕ ಮಾಡಿ ಆನ್‌ಲೈನ್‌ನಲ್ಲಿ ಮಾರಬೇಕೆಂಬ ಆಸೆ. ‘ಫೈವ್ ಇನ್ ಒನ್’ ಯಂತ್ರ ಒಂದಿದ್ದರೆ ಮನೆಯಲ್ಲೇ ತಿಂಗಳಿಗೆ ಮೂವತ್ತು ಸಾವಿರ ದುಡಿಯಬಹುದು ಎಂದು ಯೂಟ್ಯೂಬ್‌ನಲ್ಲಿ ಹೇಳುತ್ತಾರೆ. ಕಳೆದ ಜುಲೈಯಲ್ಲಿ ನಾದಿನಿಯ ಯಂತ್ರ ತಂದು ಹನ್ನೆರಡು ಮಗ್ ಮಾಡಿ ನೋಡಿದೆ. ಐದರ ಮೇಲೆ ಕಲೆ ಕಲೆಯಾಯಿತು, ಎರಡರಲ್ಲಿ ಬಣ್ಣ ಮಂಕು, ಬೆಂಗಳೂರಿಗೆ ಕಳಿಸಿದ ಒಂದರ ಹಿಡಿ ಮುರಿಯಿತು. ಯಂತ್ರವೇ ಸರಿಯಿಲ್ಲವೇ? ಜಿಎಸ್‌ಟಿ ಬೇಕೇ? ಕಣ್ಣೂರಿನಲ್ಲಿರುವ ಅಕ್ಕನ ಗೆಳತಿಯರೂ ಕೇಳುತ್ತಿದ್ದಾರೆ. ನಮ್ಮ ತೋಟದ ಕಾಫಿಪುಡಿ, ಜೇನು, ಮನೆಯಲ್ಲಿ ಮಾಡಿದ ವೈನ್ ಸೇರಿಸಿ ಉಡುಗೊರೆ ಬುಟ್ಟಿ ಮಾಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಯಂತ್ರದ ಮಾತು ಬೇಕಾದಷ್ಟಿದೆ, ಒಂದು ಮಗ್ ಮಾರಿದರೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬ ಮಾತು ಇಲ್ಲ. ಆ ಲೆಕ್ಕಕ್ಕೆ ಆಮೇಲೆ ಬರೋಣ. ಮೊದಲು ಕೆಟ್ಟುಹೋದ ಏಳು ಮಗ್‌ಗಳನ್ನು ನೋಡೋಣ, ಅದರ ಕಾರಣ ಸುಲಭ.

ನೀವು ಮಾಡಿದ್ದು ಸಬ್ಲಿಮೇಶನ್ ಮುದ್ರಣ. ಕಾಗದದ ಮೇಲಿನ ಶಾಯಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿಗೆ ನೇರವಾಗಿ ಆವಿಯಾಗಿ, ಮಗ್ ಮೇಲಿರುವ ಪಾಲಿಮರ್ ಲೇಪದೊಳಗೆ ಹೊಗುತ್ತದೆ. ತಣ್ಣಗಾದಾಗ ಲೇಪ ಮುಚ್ಚಿಕೊಂಡು ಬಣ್ಣ ಒಳಗೇ ಉಳಿಯುತ್ತದೆ. ಅದಕ್ಕೇ ಲೇಪವಿಲ್ಲದ ಅಂಗಡಿ ಮಗ್ ಮೇಲೆ ಇದು ಕೂರುವುದಿಲ್ಲ. ನಾಪೋಕ್ಲಿನ ಜುಲೈಯಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಪ್ಯಾಕೆಟ್ ಬಿಚ್ಚಿಟ್ಟ ಕಾಗದ ಒಣಗಿರುತ್ತದೆಯೇ? ಕಾಗದ ತೇವ ಹೀರಿಕೊಂಡಿರುತ್ತದೆ. ಬಿಸಿ ಮಾಡಿ ಒತ್ತುವ ಪ್ರೆಸ್‌ನೊಳಗೆ ಆ ನೀರು ಮೊದಲು ಹಬೆಯಾಗಿ, ಶಾಯಿಯ ದಾರಿಗೆ ಅಡ್ಡ ಬರುತ್ತದೆ. ಕಲೆ, ನೀಲಿ ಚುಕ್ಕೆ, ಅಂಚಿನಲ್ಲಿ ಹರಡಿದ ಬಣ್ಣ ಎಲ್ಲವೂ ಇದರಿಂದಲೇ.

ಮಂಕಾದ ಎರಡು ಮಗ್‌ಗಳ ಕಾರಣ ಬೇರೆ: ಬಹುಶಃ ವೋಲ್ಟೇಜ್. ಮಗ್ ಪ್ರೆಸ್ ಸುಮಾರು 300ರಿಂದ 400 ವಾಟ್‌ನದು. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಬಿಸಿ ಕೊಡುವ ಕಾಯಿಲ್‌ನ ಶಕ್ತಿ ಅದೇ ಪ್ರಮಾಣದಲ್ಲಿ ಇಳಿದು ನಿಲ್ಲುವುದಿಲ್ಲ, ಶೇಕಡಾ 61ರಷ್ಟೇ ಉಳಿಯುತ್ತದೆ. ತಣ್ಣನೆಯ ಮಗ್ ಇಟ್ಟ ಕೂಡಲೇ ಉಷ್ಣತೆ ಕುಸಿದು, ಮತ್ತೆ ಮೇಲೇರುವಷ್ಟರಲ್ಲಿ ಟೈಮರ್ ಮುಗಿದಿರುತ್ತದೆ. ಯಂತ್ರ ಟಿಕ್ ಎಂದಿತು, ಬಣ್ಣ ಮಾತ್ರ ಏರಲಿಲ್ಲ.

ಮುಂದಿನ ಸಲ ಹೀಗೆ ಮಾಡಿ. ಕಾಗದವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಆ ಹೊತ್ತಿಗೆ ಬೇಕಾದಷ್ಟೇ ಹಾಳೆ ಹೊರತೆಗೆಯಿರಿ. ಮುದ್ರಿಸಿದ ಹಾಳೆ ಐದಾರು ನಿಮಿಷ ಒಣಗಲಿ. ಮಗ್ಗನ್ನು ಸ್ಪಿರಿಟ್ ಹಚ್ಚಿದ, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಬಿಸಿ ಪ್ರೆಸ್‌ನಲ್ಲಿ ಒಂದು ನಿಮಿಷ ಕಾಗದ ಸುತ್ತದೆ ಇಟ್ಟು ತೇವ ಓಡಿಸಿ. ಚಿತ್ರವನ್ನು ಕನ್ನಡಿ ಬಿಂಬವಾಗಿ ತಿರುಗಿಸಿ ಮುದ್ರಿಸಿರಬೇಕು. ಕಾಗದ ಬಿಗಿಯಾಗಿ ಸುತ್ತಿ ಶಾಖ ತಡೆಯುವ ಟೇಪ್ ಹಚ್ಚಿ. 180ರಿಂದ 190 ಡಿಗ್ರಿ, 150ರಿಂದ 180 ಸೆಕೆಂಡ್‌ನಿಂದ ಪ್ರಯೋಗ ಶುರುಮಾಡಿ. ಆದರೆ ಸೆಕೆಂಡ್ ಎಣಿಸಲು ಆರಂಭಿಸುವುದು ಮಗ್ ಇಟ್ಟಾಗ ಅಲ್ಲ, ಕುಸಿದ ಉಷ್ಣತೆ ಮತ್ತೆ ಗುರಿ ಮುಟ್ಟಿದ ಮೇಲೆ. ಹೊಸ ಬ್ಯಾಚ್ ಮಗ್ ಬಂದಾಗಲೆಲ್ಲ ಒಂದನ್ನು ಬಲಿಕೊಟ್ಟು ಪರೀಕ್ಷಿಸಿ, ಏಕೆಂದರೆ ಲೇಪ ಒಂದೊಂದು ಕಂಪನಿಯದು ಒಂದೊಂದು ತರ.

ಕೆಟ್ಟ ಮಗ್ ತಾನೇ ಕಾರಣ ಹೇಳುತ್ತದೆ. ಇಡೀ ಚಿತ್ರ ಪೇಲವವಾಗಿದ್ದರೆ ಶಾಖ ಅಥವಾ ಸಮಯ ಸಾಲಲಿಲ್ಲ. ಕಪ್ಪು ಕಂದಾಗಿ ಅಂಚು ಮಸುಕಾಗಿದ್ದರೆ ಹೆಚ್ಚಾಯಿತು. ಹಿಡಿಯ ಪಕ್ಕ ಅಥವಾ ಮೇಲೆ ಕೆಳಗೆ ಮಾತ್ರ ಮಂಕಾಗಿದ್ದರೆ ಒತ್ತಡ ಅಲ್ಲಿಗೆ ತಲುಪಿಲ್ಲ, ಹಿಡಿತದ ಸ್ಕ್ರೂ ಬಿಗಿ ಮಾಡಿ. ನೆರಳಿನಂತೆ ಜೋಡಿ ಚಿತ್ರ ಬಿದ್ದಿದ್ದರೆ ಬಿಸಿಯಲ್ಲಿ ಕಾಗದ ಜಾರಿದೆ. ಅಂದಹಾಗೆ, ಒತ್ತುವ ಮೊದಲು ಕಾಗದದ ಮೇಲಿನ ಬಣ್ಣ ಸಪ್ಪೆಯಾಗಿ ಕಾಣುವುದು ಸಹಜ, ಅದನ್ನು ನೋಡಿ ಪ್ರಿಂಟರ್‌ನಲ್ಲಿ ಶಾಯಿ ಹೆಚ್ಚಿಸಬೇಡಿ.

ಈಗ ಫೈವ್ ಇನ್ ಒನ್. ಮಗ್, ತಟ್ಟೆ, ಟೋಪಿ, ಟೀಶರ್ಟ್ ಎಲ್ಲಕ್ಕೂ ಭಾಗ ಬದಲಿಸುತ್ತ ಹೋಗುವ ಯಂತ್ರ ಅದು. ನೋಡಲು ಉಳಿತಾಯ. ಭಾಗ ಬದಲಿಸಿದಾಗಲೆಲ್ಲ ತಣಿಯಲು, ಮತ್ತೆ ಕಾಯಲು ಸಮಯ ಬೇಕು, ಕನೆಕ್ಟರ್ ಸಡಿಲವಾಗುತ್ತದೆ, ಕಂಟ್ರೋಲರ್ ಒಂದು ಕೆಟ್ಟರೆ ಐದೂ ಕೆಲಸ ನಿಲ್ಲುತ್ತದೆ. ಟೋಪಿ, ತಟ್ಟೆಯ ಭಾಗಗಳನ್ನು ಹೆಚ್ಚಿನವರು ಎರಡನೆಯ ಸಲ ಮುಟ್ಟುವುದಿಲ್ಲ. ಅದರ ಚಪ್ಪಟೆ ಪ್ರೆಸ್ ಸಾವಿರ ವಾಟ್‌ಗೂ ಮೇಲೆ ಎಳೆಯುತ್ತದೆ, ಮನೆಯ ಇನ್ವರ್ಟರ್ ಅದನ್ನು ಹೊರುವುದಿಲ್ಲ. ಬರೀ ಮಗ್ ಪ್ರೆಸ್ ಆದರೆ 850 ವಿಎ ಇನ್ವರ್ಟರ್ ಮೇಲೂ ನಡೆಯುತ್ತದೆ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ಈ ಒಂದು ಕಾರಣ ಸಾಕು.

ಟೀಶರ್ಟ್ ಸದ್ಯ ಬಿಟ್ಟುಬಿಡಿ. ಸಬ್ಲಿಮೇಶನ್ ಪಾಲಿಯೆಸ್ಟರ್ ಮೇಲೆ, ಅದೂ ಬಿಳಿ ಅಥವಾ ತಿಳಿ ಬಣ್ಣದ ಮೇಲೆ ಮಾತ್ರ. ಗಿರಾಕಿ ಕೇಳುವುದು ಕಾಟನ್. ಅದಕ್ಕೆ ಡಿಟಿಎಫ್ ಹಾಳೆ (ಚಿತ್ರವನ್ನು ಮೊದಲು ಫಿಲ್ಮ್ ಮೇಲೆ ಮುದ್ರಿಸಿ ಬಟ್ಟೆಗೆ ಒತ್ತುವಂಥದ್ದು) ಬೇಕು, ಅದನ್ನು ಮೈಸೂರಿನಂಥ ಊರಿನಲ್ಲಿ ಮುದ್ರಿಸಿ ತರಿಸುವುದೇ ಮೇಲು.

ಪ್ರಿಂಟರ್ ಮಾತ್ರ ಎಚ್ಚರದಿಂದ ಕೊಳ್ಳಿ. ಟ್ಯಾಂಕ್ ಇರುವ ಎಪ್ಸನ್ ಮಾದರಿಯ ಹೊಸ ಪ್ರಿಂಟರ್‌ಗೆ ಮೊದಲ ದಿನದಿಂದಲೇ ಸಬ್ಲಿಮೇಶನ್ ಶಾಯಿ ತುಂಬುತ್ತಾರೆ. ಮಾಮೂಲಿ ಶಾಯಿ ಓಡಿಸಿದ ಹಳೆಯದಕ್ಕೆ ತುಂಬಿದರೆ ಬಣ್ಣ ಕಲಬೆರಕೆಯಾಗುತ್ತದೆ. ಬೇರೆ ಶಾಯಿ ಹಾಕಿದರೆ ವಾರಂಟಿ ಸಿಗುವುದಿಲ್ಲ ಎಂದುಕೊಂಡೇ ಕೊಳ್ಳಿ. ಆರ್ಡರ್ ಇರಲಿ ಬಿಡಲಿ, ಎರಡು ಮೂರು ದಿನಕ್ಕೊಮ್ಮೆ ನಾಝಲ್ (ಶಾಯಿ ಚಿಮ್ಮುವ ರಂಧ್ರ) ಪರೀಕ್ಷೆಯ ಒಂದು ಹಾಳೆ ಮುದ್ರಿಸಿ. ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಮೂರು ವಾರ ಮರೆತರೆ ಶಾಯಿ ಹೆಡ್‌ನಲ್ಲೇ ಗಟ್ಟಿಯಾಗುತ್ತದೆ.

ಇನ್ನು ಯೂಟ್ಯೂಬ್‌ನ ಮೂವತ್ತು ಸಾವಿರ. ಒಂದು ಮಗ್‌ನ ಲೆಕ್ಕವನ್ನು ಉದಾಹರಣೆಗೆ ಹೀಗೆ ಇಡೋಣ, ಅಂಕಿಗಳನ್ನು ನಿಮ್ಮ ಬಿಲ್ ನೋಡಿ ತಿದ್ದಿಕೊಳ್ಳಿ. ಲೇಪದ ಮಗ್ ಸಾಗಣೆ ಸೇರಿ ಮನೆಗೆ ಬರುವಾಗ 95, ಕಾಗದ ಶಾಯಿ 8, ಪೆಟ್ಟಿಗೆ ಮತ್ತು ಸುತ್ತುವ ಸಾಮಾನು 30, ಕೆಟ್ಟವುಗಳ ಪಾಲು 10, ಕರೆಂಟ್ 2, ಪಾವತಿ ಶುಲ್ಕ 6. ಒಟ್ಟು 151. ಕೊರಿಯರ್ 80 ಸೇರಿದರೆ 231. ನೀವು 349ಕ್ಕೆ ಮಾರಿದರೆ ಉಳಿಯುವುದು 118. ಫೋಟೊ ಸರಿಮಾಡಿ, ಗಿರಾಕಿಗೆ ತೋರಿಸಿ, ಒತ್ತಿ, ಕಟ್ಟಿ, ನಾಪೋಕ್ಲಿಗೆ ಹೋಗಿ ಕೊಟ್ಟು ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಮೂವತ್ತು ಸಾವಿರಕ್ಕೆ ತಿಂಗಳಿಗೆ 254 ಮಗ್, ಅಂದರೆ ಭಾನುವಾರವೂ ಸೇರಿ ದಿನಕ್ಕೆ ಎಂಟಕ್ಕೂ ಹೆಚ್ಚು. ಯೂಟ್ಯೂಬ್‌ನವರ ಲೆಕ್ಕದಲ್ಲಿ ಮಳೆ ಬರುವುದೇ ಇಲ್ಲ, ಮಗ್ ಒಡೆಯುವುದೂ ಇಲ್ಲ. ಬೆಂಗಳೂರಿನಲ್ಲಿ ಸಗಟಿನಲ್ಲಿ ಮಾಡುವವರು ಇದೇ ಫೋಟೊ ಮಗ್ಗನ್ನು ನಿಮಗಿಂತ ಅಗ್ಗಕ್ಕೆ ಕೊಡುತ್ತಾರೆ. ಆ ಪೈಪೋಟಿಯಲ್ಲಿ ನೀವು ಗೆಲ್ಲುವುದಿಲ್ಲ, ಗೆಲ್ಲಬೇಕಾಗಿಯೂ ಇಲ್ಲ.

ನಿಮ್ಮ ಅನುಕೂಲ ಬೇರೆ ಕಡೆ ಇದೆ. ಸುತ್ತಮುತ್ತ ಎಷ್ಟು ಹೋಂಸ್ಟೇಗಳಿವೆ ಎಣಿಸಿ. ಕೋಣೆಯ ಹೆಸರಿರುವ ಕೀ ಚೈನ್, ಮನೆಯ ಚಿತ್ರವಿರುವ ಮಗ್, ಸೂಚನಾ ಫಲಕ: ಒಂದೇ ವಿನ್ಯಾಸ, ಇಪ್ಪತ್ತನಾಲ್ಕು ಪ್ರತಿ, ಸ್ಕೂಟರ್‌ನಲ್ಲಿ ಕೊಟ್ಟು ಬರಬಹುದು. ಮೇಲಿನ ಲೆಕ್ಕದಿಂದ ಕೊರಿಯರ್‌ನ 80 ರೂಪಾಯಿ ಹೋಯಿತು, ವಿನ್ಯಾಸದ ಶ್ರಮ ಇಪ್ಪತ್ತನಾಲ್ಕಕ್ಕೆ ಹಂಚಿಹೋಯಿತು. ಒಡೆದಾಗ, ಕಳೆದಾಗ ಮತ್ತೆ ನಿಮ್ಮನ್ನೇ ಕೇಳುತ್ತಾರೆ. ಎರಡನೆಯದು ಒಕ್ಕದ, ಅಂದರೆ ಕೊಡವ ಕುಲದ, ಹೆಸರು. ಒಕ್ಕದ ಮೂಲಮನೆಯಾದ ಐನ್‌ಮನೆಯ ರೇಖಾಚಿತ್ರ, ಮನೆಹೆಸರಿನ ಫಲಕ, ಮದುವೆಗೆ ಬಂದವರಿಗೆ ಕೊಡುವ ನೆನಪಿನ ಕಾಣಿಕೆ, 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾಗಿ ಬೇಸಿಗೆಯ ಹಬ್ಬವೇ ಆಗಿರುವ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಗೆ ತಂಡದ ಹೆಸರಿನ ಸಾಮಾನು. ಊರು ಬಿಟ್ಟು ಬೆಂಗಳೂರಿನಲ್ಲಿರುವ ಮಕ್ಕಳಿಗೆ ಇದನ್ನು ಅಲ್ಲಿನ ಮಗ್ ಅಂಗಡಿ ಮಾಡಿಕೊಡಲಾರದು. ಆ ಅಂಗಡಿಯವರಿಗೆ ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಹೇಗಿರುತ್ತದೆ ಎಂದೇ ಗೊತ್ತಿರುವುದಿಲ್ಲ.

ಹಾಗಾದರೆ ಒಂದೂವರೆ ಲಕ್ಷವನ್ನು ಹೇಗೆ ಹಾಕುವುದು? ಮೂರು ದಾರಿ ಕಾಣುತ್ತದೆ.

ಒಂದು, ಯಂತ್ರವನ್ನೇ ಕೊಳ್ಳದೆ ವಿನ್ಯಾಸ ಮತ್ತು ಮಾರಾಟ ನಿಮ್ಮದು, ಮುದ್ರಣ ಮೈಸೂರು ಅಥವಾ ಬೆಂಗಳೂರಿನವರದು. ಹಾಕುವ ಹಣ ಹತ್ತು ಸಾವಿರವೂ ಆಗದು. ಲಾಭ ಕಡಿಮೆ, ಗುಣಮಟ್ಟ ನಿಮ್ಮ ಕೈಯಲ್ಲಿಲ್ಲ, ಅವರು ತಡಮಾಡಿದರೆ ಬೈಗುಳ ನಿಮಗೆ. ಆದರೂ ಯಾವುದು ಓಡುತ್ತದೆ ಎಂದು ತಿಳಿಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಎರಡು, ಪ್ರಿಂಟರ್, ಮಗ್ ಪ್ರೆಸ್, ಒಂದು ಸ್ಟೆಬಿಲೈಸರ್, ಎರಡು ಪೆಟ್ಟಿಗೆ ಮಗ್. ಇಷ್ಟು ಸಾಮಾನ್ಯವಾಗಿ ನಲವತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಹೋಂಸ್ಟೇ ಆರ್ಡರ್ ಎರಡು ಕೈಗೆ ಬಂದ ಮೇಲೆ ಇದನ್ನು ಮಾಡಿ ಎಂಬುದು ನನ್ನ ಸಲಹೆ. ಉಳಿದ ಹಣ ಬ್ಯಾಂಕಿನಲ್ಲೇ ಇರಲಿ.

ಮೂರು, ಮರದ ಫಲಕಕ್ಕೆ ಲೇಸರ್. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಲಾಭ ಇರುವುದೂ ಇಲ್ಲೇ, ಅಪಾಯ ಇರುವುದೂ ಇಲ್ಲೇ. ಹತ್ತು ವಾಟ್‌ನ ಡಯೋಡ್ ಲೇಸರ್ ಮರದ ಮೇಲೆ ಚೆನ್ನಾಗಿ ಕೊರೆಯುತ್ತದೆ, ತೆಳು ಪ್ಲೈವುಡ್ ಕತ್ತರಿಸುತ್ತದೆ. ಪಾರದರ್ಶಕ ಅಕ್ರಿಲಿಕ್ ಕತ್ತರಿಸುವುದಿಲ್ಲ, ಈ ಲೇಸರ್‌ನ ನೀಲಿ ಬೆಳಕು ಅದರ ಮೂಲಕ ಹಾದುಹೋಗುತ್ತದೆ. ಅದಕ್ಕೆ ಸಿಒಟು (ಇಂಗಾಲದ ಡೈಆಕ್ಸೈಡ್ ಅನಿಲದ) ಲೇಸರ್ ಬೇಕು. ಪಿವಿಸಿ ಅಥವಾ ರೆಕ್ಸಿನ್ ಎಂದಿಗೂ ಇಡಬೇಡಿ: ಸುಟ್ಟಾಗ ಹೊರಡುವ ಹೈಡ್ರೋಜನ್ ಕ್ಲೋರೈಡ್ ಅನಿಲ ಶ್ವಾಸಕೋಶವನ್ನೂ ಯಂತ್ರದ ಕಬ್ಬಿಣವನ್ನೂ ತಿನ್ನುತ್ತದೆ. ನಿಮ್ಮ ಲೇಸರ್ ಬೆಳಕಿನ ತರಂಗಾಂತರಕ್ಕೇ ತಯಾರಿಸಿದ ಕನ್ನಡಕ, ಹೊಗೆ ಹೊರಹಾಕುವ ಫ್ಯಾನ್ ಕಡ್ಡಾಯ. ಲೇಸರ್ ಓಡುವಾಗ ಒಲೆಯ ಮೇಲಿನ ಹಾಲು ನೋಡಲು ಸಹ ಎದ್ದುಹೋಗಬೇಡಿ, ಮರಕ್ಕೆ ಬೆಂಕಿ ಹತ್ತುತ್ತದೆ.

ಮರ ಯಾವುದು? ತೋಟದಲ್ಲಿ ಬಿದ್ದಿರುವ ಬೀಟೆಯ ತುಂಡು ಕಣ್ಣಿಗೆ ಬೀಳುತ್ತದೆ ನಿಜ. ಬೀಟೆ, ತೇಗಗಳ ಕಡಿತ ಮತ್ತು ಸಾಗಣೆಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಐನೂರು ರೂಪಾಯಿಯ ಫಲಕಕ್ಕಾಗಿ ಆ ತಲೆನೋವು ಬೇಡ. ಕಾಫಿ ಗಿಡದ ಕಾಂಡವೇ ಚೆನ್ನ. ಗಟ್ಟಿ, ನುಣುಪು, ತಿಳಿ ಬಣ್ಣ, ಕೊರೆದ ಅಕ್ಷರ ಎದ್ದು ಕಾಣುತ್ತದೆ. ಕುಯ್ಲು ಮುಗಿದು ಗಿಡ ಕಸಿ ಮಾಡುವಾಗ (ರೆಂಬೆ ಸವರುವಾಗ), ಹಳೆ ಗಿಡ ಕೀಳುವಾಗ ದಪ್ಪ ಕಾಂಡ ಆರಿಸಿ ನೆರಳಿನಲ್ಲಿ ಮೂರು ನಾಲ್ಕು ತಿಂಗಳು ಒಣಗಿಸಿ. ಅಡ್ಡಡ್ಡ ಬಿಲ್ಲೆ ಕತ್ತರಿಸಿದರೆ ಸೀಳುವುದು ಹೆಚ್ಚು, ಮರ ಸುತ್ತಳತೆಯಲ್ಲಿ ಕುಗ್ಗುವಷ್ಟು ತಿರುಳಿನ ಕಡೆಗೆ ಕುಗ್ಗುವುದಿಲ್ಲ. ಉದ್ದುದ್ದ ಸೀಳಿದ ಪಟ್ಟಿ ಹೆಚ್ಚು ಸುರಕ್ಷಿತ. ಎರಡೂ ಮುಖಕ್ಕೆ ಪಾಲಿಶ್ ಹಚ್ಚಬೇಕು, ಒಂದೇ ಮುಖಕ್ಕೆ ಹಚ್ಚಿದರೆ ಮಳೆಗಾಲದಲ್ಲಿ ಬಾಗುತ್ತದೆ. ಅರೇಬಿಕಾ ಕಾಂಡದಲ್ಲಿ ಬಿಳಿ ಕಾಂಡಕೊರಕದ ಗುರುತು ಕಂಡರೆ ಮನೆಗೆ ತರಲೇಬೇಡಿ. ಅದನ್ನು ಕಿತ್ತು ಸುಡಬೇಕೆಂಬುದು ಕಾಫಿ ಮಂಡಳಿಯ ಸಲಹೆ, ಒಣಗಲು ಇಟ್ಟ ತುಂಡಿನಿಂದ ದುಂಬಿ ಹೊರಬಂದು ನಿಮ್ಮದೇ ತೋಟಕ್ಕೆ ಹಾರುತ್ತದೆ.

ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೀ ಚೈನ್ ಅಗ್ಗ, ಆದರೆ ನಮ್ಮ ತೇವಕ್ಕೆ ಅಂಚು ಉಬ್ಬುತ್ತದೆ. ಲೇಪದ ಅಲ್ಯೂಮಿನಿಯಂ ಕೊಡಿ.

ವಿನ್ಯಾಸದಲ್ಲಿ ಎರಡು ವಿಷಯಕ್ಕೆ ಹೆಚ್ಚು ಜಗಳವಾಗುತ್ತದೆ. ಫೋಟೊ ಮತ್ತು ಹೆಸರು. ಮಗ್ ಮೇಲೆ 20 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರದ ಚಿತ್ರಕ್ಕೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಸುಮಾರು 2362 x 1063 ಪಿಕ್ಸೆಲ್ ಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಿ ಎಂದು ಹೇಳಿ. ಹೆಸರನ್ನು ಗಿರಾಕಿಯೇ ಟೈಪ್ ಮಾಡಿ ಕಳಿಸಲಿ. ಒಂದೇ ಮನೆಹೆಸರನ್ನು ಇಂಗ್ಲಿಷಿನಲ್ಲಿ ಅಣ್ಣ ಒಂದು ತರ, ತಮ್ಮ ಒಂದು ತರ ಬರೆಯುವುದು ನಿಮಗೇ ಗೊತ್ತಿದೆ. ಕನ್ನಡದಲ್ಲಿ ಬರೆಯುವಾಗ ಕೆಲವು ತಂತ್ರಾಂಶಗಳು ಒತ್ತಕ್ಷರವನ್ನು ಬಿಡಿಸಿ ಪಕ್ಕಕ್ಕೆ ಎಸೆಯುತ್ತವೆ. ಕನ್ನಡ ಸರಿಯಾಗಿ ಮೂಡುವ ತಂತ್ರಾಂಶ ಆರಿಸಿ, ಬಲೂ ತಮ್ಮ, ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಅಕ್ಷರ ಬಳಸಿದರೆ ಮಾರಾಟಕ್ಕೂ ತೊಂದರೆಯಿಲ್ಲ. ಸಿನಿಮಾ ನಟರ ಚಿತ್ರ, ಕ್ರಿಕೆಟ್ ತಂಡದ ಲಾಂಛನ, ಕಾರ್ಟೂನ್ ಗೊಂಬೆ ಹಾಕಿ ಮಾರುವುದು ಬೇಡ, ಅವು ಬೇರೆಯವರ ಸೊತ್ತು.

ಒತ್ತುವ ಮೊದಲು ಮಾದರಿ ಚಿತ್ರ ಕಳಿಸಿ ‘ಸರಿ’ ಎಂಬ ಉತ್ತರ ಬರಹದಲ್ಲಿ ಪಡೆಯಿರಿ. ಹಣ ಮುಂಚಿತವಾಗಿಯೇ, ಕ್ಯಾಶ್ ಆನ್ ಡೆಲಿವರಿ ಬೇಡವೇ ಬೇಡ. ಬೇರೆಯವರ ಮಗುವಿನ ಫೋಟೊ ಇರುವ ಮಗ್ ವಾಪಸ್ ಬಂದರೆ ಯಾರಿಗೆ ಮಾರುತ್ತೀರಿ? ಪಾವತಿಯ ಸ್ಕ್ರೀನ್‌ಶಾಟ್ ನಂಬಬೇಡಿ, ಖಾತೆ ನೋಡಿ. ಆದರೆ ‘ವಾಪಸ್ ಇಲ್ಲ’ ಎಂದು ಬರೆದುಕೊಂಡರೆ ಎಲ್ಲದರಿಂದಲೂ ಪಾರಾದೆವು ಎಂಬುದು ತಪ್ಪು ತಿಳಿವಳಿಕೆ. 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ದೋಷವಿರುವ, ಹೇಳಿದಂತೆ ಇಲ್ಲದ ಸಾಮಾನನ್ನು ಮಾರಿದವರು ವಾಪಸ್ ಪಡೆಯಲೇಬೇಕು.

ಮುರಿದ ಹಿಡಿಯ ಕಡೆ ಬರೋಣ. ಮಗ್‌ನ ದುರ್ಬಲ ಜಾಗವೇ ಹಿಡಿ. ಒಳಗೆ ಕಾಗದ ತುಂಬಿಸಿ, ಹಿಡಿಯ ಸಂದನ್ನೂ ತುಂಬಿಸಿ, ಆಮೇಲೆ ಸುತ್ತಬೇಕು. ಯಾವ ಬದಿಯೂ ಪೆಟ್ಟಿಗೆಗೆ ನೇರ ತಾಗಬಾರದು. ಕಟ್ಟಿದ ಒಂದನ್ನು ಸೊಂಟದ ಎತ್ತರದಿಂದ ಆರೂ ಮುಖದ ಮೇಲೆ ಬೀಳಿಸಿ ನೋಡಿ, ಉಳಿದರೆ ಮಾತ್ರ ಕಳಿಸಿ. ಪೆಟ್ಟಿಗೆ ದೊಡ್ಡದಾದಷ್ಟು ಒಳ್ಳೆಯದು ಎಂದೂ ಅಲ್ಲ. ಖಾಸಗಿ ಕೊರಿಯರ್‌ನವರು ಉದ್ದ, ಅಗಲ, ಎತ್ತರ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿ ತೂಕ ಹಿಡಿಯುತ್ತಾರೆ. 14 ಸೆಂ.ಮೀ.ನ ಚೌಕ ಪೆಟ್ಟಿಗೆ ಎಂದರೆ 550 ಗ್ರಾಂ, ಅರ್ಧ ಕಿಲೋ ದಾಟಿತು, ಮುಂದಿನ ದರ ಬಿತ್ತು. 13 x 13 x 12 ಆದರೆ 406 ಗ್ರಾಂ. ನಿಜವಾದ ತೂಕವೂ 500ರೊಳಗೆ ಇರುವಂತೆ ತಕ್ಕಡಿಯಲ್ಲಿ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗೊಂದು ಪ್ಲಾಸ್ಟಿಕ್ ಕವರ್, ವಿಳಾಸದ ಮೇಲೆ ಪಾರದರ್ಶಕ ಟೇಪ್ ಇರಲಿ. ನಮ್ಮಲ್ಲಿ ರೈಲಿಲ್ಲ, ಎಲ್ಲವೂ ರಸ್ತೆ ಮೇಲೆ. ಘಾಟಿಯಲ್ಲಿ ಮಣ್ಣು ಕುಸಿದರೆ ಎರಡು ದಿನದ ದಾರಿ ವಾರವಾಗುತ್ತದೆ. ಆ ತಿಂಗಳುಗಳಲ್ಲಿ ಹುಟ್ಟುಹಬ್ಬದ ಆರ್ಡರ್‌ಗೆ ಹತ್ತು ದಿನ ಮೊದಲೇ ಕೇಳಿ ಎಂದು ಬರೆದುಹಾಕಿ.

ಜಿಎಸ್‌ಟಿ. ಬರೀ ಸರಕು ಮಾರುವವರಿಗೆ ಕರ್ನಾಟಕದೊಳಗೆ ವರ್ಷಕ್ಕೆ 40 ಲಕ್ಷದ ವಹಿವಾಟಿನ ತನಕ ನೋಂದಣಿ ಬೇಡ. ವಾಟ್ಸ್ಆ್ಯಪ್‌ನಲ್ಲಿ ಮಾರಿದರೂ, ಯುಪಿಐಯಲ್ಲಿ ಹಣ ಬಂದರೂ ಅದೇ ನಿಯಮ. 2025ರ ಜುಲೈಯಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು ಈ ಮಿತಿ ದಾಟಿದಂತೆ ಯುಪಿಐ ಲೆಕ್ಕದಲ್ಲಿ ಕಂಡಿದ್ದಕ್ಕೆ. ದೊಡ್ಡ ಆನ್‌ಲೈನ್ ಮಾರುಕಟ್ಟೆ ತಾಣಗಳ ಮೂಲಕ ಮಾರುವುದಾದರೆ, 2023ರ ಅಕ್ಟೋಬರ್ 1ರಿಂದ ಸಣ್ಣವರು ಜಿಎಸ್‌ಟಿ ಪೋರ್ಟಲ್‌ನಲ್ಲಿ ದಾಖಲಾತಿ ಸಂಖ್ಯೆ ಪಡೆದು ನೋಂದಣಿಯಿಲ್ಲದೆ ಮಾರಬಹುದು, ಆದರೆ ಸ್ವಂತ ರಾಜ್ಯದೊಳಗೆ ಮಾತ್ರ. ಸಿಕ್ಕಿಕೊಳ್ಳುವುದು ಕಣ್ಣೂರಿನಲ್ಲಿ. ಬೀದರ್‌ಗೆ ಕಳಿಸಿದರೆ ನೋಂದಣಿ ಬೇಡ, ಕೇರಳ ಗಡಿಯ ಮಾಕುಟ್ಟ ದಾಟಿದರೆ ಬೇಕು. ಹೊರರಾಜ್ಯಕ್ಕೆ ಸರಕು ಮಾರುವವರು ವಹಿವಾಟು ಎಷ್ಟೇ ಇರಲಿ ನೋಂದಾಯಿಸಿಕೊಳ್ಳಬೇಕು. ಅಧಿಸೂಚಿತ ಕರಕುಶಲ ವಸ್ತುಗಳಿಗೆ ಷರತ್ತಿನ ವಿನಾಯಿತಿ ಇದೆ, ಯಂತ್ರದಲ್ಲಿ ಒತ್ತಿದ ಮಗ್ ಅದರಲ್ಲಿ ಬರುವುದಿಲ್ಲ. ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ, ಆದರೆ ಒಮ್ಮೆ ಪಡೆದರೆ ವ್ಯಾಪಾರ ಇಲ್ಲದ ತಿಂಗಳಿಗೂ ರಿಟರ್ನ್ ಸಲ್ಲಿಸಬೇಕು, ತಪ್ಪಿದರೆ ದಿನದ ಲೆಕ್ಕದಲ್ಲಿ ದಂಡ. ನಾಲ್ಕೈದು ಮಗ್‌ಗಾಗಿ ಈಗಲೇ ಬೇಡ. ಅಕ್ಕನ ಗೆಳತಿಯರು ಒಂದು ವರ್ಷ ಕಾಯಲಿ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಮಾತ್ರ ಮಾಡಿಸಿಕೊಳ್ಳಿ, ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ. ಸಾವಿರ ರೂಪಾಯಿ ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ. ಪಂಚಾಯಿತಿಯಲ್ಲೂ ಪರವಾನಗಿಯ ಬಗ್ಗೆ ವಿಚಾರಿಸಿಬಿಡಿ.

ಕೊನೆಯದಾಗಿ ಬುಟ್ಟಿ. ಕಾಫಿಪುಡಿ, ಜೇನು, ಕಾಳುಮೆಣಸು ಸೇರಿದ ಕೂಡಲೇ ನೀವು ಆಹಾರ ವ್ಯಾಪಾರಿ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಸಣ್ಣವರ ಮೂಲ ನೋಂದಣಿಗೆ ವರ್ಷಕ್ಕೆ 100 ರೂಪಾಯಿ. ಬೇರೆಯವರ ಜೇನು ತಂದು ಚಿಕ್ಕ ಬಾಟಲಿಗೆ ತುಂಬಿದರೂ ಅದೇ ನಿಯಮ. ಪೊಟ್ಟಣದ ಮೇಲೆ ನೋಂದಣಿ ಸಂಖ್ಯೆ, ತೂಕ, ಪ್ಯಾಕ್ ಮಾಡಿದ ದಿನ, ಎಷ್ಟು ದಿನ ಬಾಳುತ್ತದೆ ಎಂಬುದು, ಸಸ್ಯಾಹಾರದ ಗುರುತು ಇರಬೇಕು. ಕಾಗದಕ್ಕೆ ಬಳಸಿದ ನೀಲಿ ಸಿಲಿಕಾ ಜೆಲ್ಲನ್ನು ತಿನ್ನುವ ಸಾಮಾನಿನ ಜೊತೆ ಇಡಬೇಡಿ, ಅದರಲ್ಲಿ ಕೋಬಾಲ್ಟ್ ಇದೆ. ವೈನ್ ಬುಟ್ಟಿಗೆ ಬರುವಂತಿಲ್ಲ. ಪರವಾನಗಿಯಿಲ್ಲದೆ ಮಾರುವುದು ಅಬಕಾರಿ ಕಾಯ್ದೆಯಡಿ ಅಪರಾಧ, ಅಂಚೆಯಲ್ಲಿ ಮದ್ಯ ಕಳಿಸುವುದಕ್ಕೂ ಅವಕಾಶವಿಲ್ಲ. ದಾರಿಬದಿಯ ಅಂಗಡಿಯಲ್ಲಿ ಸಾಲಾಗಿ ಇಟ್ಟಿರುತ್ತಾರಲ್ಲ ಎಂದು ಕೇಳಬೇಡಿ, ಅವರ ಹೆಸರು ವಿಳಾಸ ಪಾರ್ಸೆಲ್ ಮೇಲೆ ಇರುವುದಿಲ್ಲ, ನಿಮ್ಮದು ಇರುತ್ತದೆ.